ಅಪಾಯಕಾರಿ ಸರಕು ಮತ್ತು ಚಾಲಕನ ವಿಶ್ರಾಂತಿ

1989ರ ಕೇಂದ್ರ ಮೋಟಾರು ವಾಹನ ನಿಯಮಾವಳಿಯಲ್ಲಿ ಅಪಾಯಕಾರಿ ಸರಕುಗಳ ಸಾಗಣೆಗೆ ಮೀಸಲಾಗಿರುವ 129ರಿಂದ 137ರವರೆಗಿನ ನಿಯಮಗಳನ್ನು ಸಾವಧಾನದಿಂದ ಓದಿದವರಿಗೆ ಅವುಗಳನ್ನು ರಚಿಸಿದವರ ವಿವೇಕದಲ್ಲಿ ಗೌರವವುಂಟಾಗದಿರದು. ಸರಕನ್ನು ಕಳುಹಿಸುವವನು ಅದರ ಸ್ವಭಾವವನ್ನು ಮರೆಮಾಚದೆ ತಿಳಿಸತಕ್ಕದ್ದು. ಮಾಲೀಕನು ಆ ಸರಕಿಗೆ ಯೋಗ್ಯವಾದ ವಾಹನವನ್ನೂ ತರಬೇತಿ ಹೊಂದಿದ ಚಾಲಕನನ್ನೂ ಒದಗಿಸತಕ್ಕದ್ದು. ಚಾಲಕನು ತುರ್ತು ಸೂಚನೆಗಳ ಟ್ರೆಮ್ ಕಾರ್ಡನ್ನು ಕ್ಯಾಬಿನ್ನಿನಲ್ಲಿರಿಸಿಕೊಂಡು, ಬೆಂಕಿ, ಸ್ಫೋಟ, ಸೋರಿಕೆಗಳಿಗೆ ಎಡೆಗೊಡದಂತೆ ನಡೆದು, ಅವಘಡವಾದೊಡನೆ ಸಮೀಪದ ಪೊಲೀಸ್ ಠಾಣೆಗೆ ವರದಿ ಮಾಡತಕ್ಕದ್ದು. ಹೀಗೆ ಹೊಣೆಯನ್ನು ಮೂವರಲ್ಲಿ ಹಂಚಿರುವುದೇ ಈ ನಿಯಮಗಳ ಪ್ರಧಾನ ಗುಣ.

ಈ ಎಚ್ಚರಿಕೆ ಅತಿಯಾದುದಲ್ಲವೆಂಬುದನ್ನು ಕರಾವಳಿಯ ಜನ ದುಃಖದಿಂದ ಅರಿತಿದ್ದಾರೆ. ಮಂಗಳೂರಿನಿಂದ ಕೋಳಿಕ್ಕೋಡಿನ ಕಡೆಗೆ ಹೊರಟಿದ್ದ ಅಡುಗೆ ಅನಿಲದ ಟ್ಯಾಂಕರು 2012ರ ಆಗಸ್ಟ್ 27ರ ರಾತ್ರಿ ಕಣ್ಣೂರಿನ ಚಾಲಾದಲ್ಲಿ ರಸ್ತೆಯ ವಿಭಜಕಕ್ಕೆ ಬಡಿದು ಉರುಳಿ ಹಲವರ ಪ್ರಾಣವನ್ನು ಹರಣ ಮಾಡಿತು. ವರ್ಷ ತುಂಬುವ ಮೊದಲೇ, 2013ರ ಏಪ್ರಿಲಿನಲ್ಲಿ, ಉಪ್ಪಿನಂಗಡಿಯ ಬಳಿಯ ಪೆರ್ನೆಯಲ್ಲಿ ಅಂತಹುದೇ ದುರಂತ ಮರುಕಳಿಸಿತು. ಒತ್ತಡದಲ್ಲಿ ದ್ರವವಾಗಿರುವ ಈ ವಸ್ತು ಹೊರಬಂದೊಡನೆ ಸುಮಾರು 250 ಪಟ್ಟು ಹಿಗ್ಗುತ್ತದೆ. ಗಾಳಿಗಿಂತ ಭಾರವಾದುದರಿಂದ ಮೇಲೇರಿ ಚದುರದೆ, ನೆಲವನ್ನು ಹಿಡಿದು ತಗ್ಗಿನ ಕಡೆಗೆ, ಎಂದರೆ ಚರಂಡಿಗಳಿಗೂ ರಸ್ತೆಗಿಂತ ಕೆಳಗಿರುವ ಅಂಗಳಗಳಿಗೂ ಹರಿಯುತ್ತದೆ. ಅಲ್ಲಿ ಉರಿಯುತ್ತಿರುವ ಒಂದು ಒಲೆ ಸಾಕು.

ಟ್ಯಾಂಕರಿನ ಎರಡು ಪಕ್ಕಗಳಲ್ಲಿಯೂ ಹಿಂಬದಿಯಲ್ಲಿಯೂ ವಸ್ತುವಿನ ಹೆಸರು, ವಿಶ್ವಸಂಸ್ಥೆಯ ಸಂಖ್ಯೆ, ತುರ್ತು ದೂರವಾಣಿ ಇವುಗಳುಳ್ಳ ಫಲಕವಿರಬೇಕೆಂಬ 134ನೆಯ ನಿಯಮ ಅಗ್ನಿಶಾಮಕ ಸಿಬ್ಬಂದಿಗೆ ಅತ್ಯಂತ ಉಪಯುಕ್ತ. 1075 ಎಂಬ ಅಂಕಿಯನ್ನು ಕಂಡೊಡನೆ ಅವರು ಒಳಗಿರುವುದು ಅಡುಗೆ ಅನಿಲವೆಂದು ತಿಳಿಯಬಲ್ಲರು. ಆದರೆ ಅವರು ಬಂದು ಸೇರುವುದಕ್ಕೆ ಮೊದಲು ಅಪಾಯವನ್ನು ಎದುರಿಸುವವರು ರಸ್ತೆಯಂಚಿನ ನಿವಾಸಿಗಳು. ಒಲೆಯಾರಿಸಬೇಕು, ವಿದ್ಯುತ್ ಸ್ವಿಚ್ಚನ್ನು ಮುಟ್ಟಬಾರದು, ಗಾಳಿ ಬೀಸುವ ದಿಕ್ಕಿಗೆದುರಾಗಿ ದೂರ ಸರಿಯಬೇಕು ಎಂಬ ಮೂರು ಮಾತುಗಳನ್ನು ಅವರಿಗೆ ಮುಂಚಿತವಾಗಿ ಕಲಿಸದೆ ಫಲಕವೊಂದನ್ನೇ ನೆಚ್ಚುವುದು ಅಪೂರ್ಣ ರಕ್ಷಣೆ.

ಇದಕ್ಕಿಂತ ಗುರುತರವಾದ ನ್ಯೂನತೆ ಬೇರೊಂದಿದೆ. ಚಾಲಕನು ಸದಾ ಜಾಗರೂಕನಾಗಿರಬೇಕೆಂದು ವಿಧಿಸುವ ಈ ನಿಯಮಗಳು, ಆ ಜಾಗರೂಕತೆಗೆ ಆಧಾರವಾದ ವಿಶ್ರಾಂತಿಯ ವಿಷಯದಲ್ಲಿ ಮೌನವಾಗಿವೆ. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯಲ್ಲಿ ಇದ್ದಿತಾದರೂ, ಅಪಾಯಕಾರಿ ಸರಕಿನ ಅಧ್ಯಾಯ ಅದನ್ನು ತನ್ನ ಅಂಗವಾಗಿ ಸ್ವೀಕರಿಸಲಿಲ್ಲ. ರಾಷ್ಟ್ರೀಯ ಪರವಾನಗಿಯ ಲಾರಿಗಳಲ್ಲಿ ಇಬ್ಬರು ಚಾಲಕರಿರಬೇಕೆಂಬ ನಿಬಂಧನೆಯನ್ನು 2018ರಲ್ಲಿ ತೆಗೆದುಹಾಕಲಾಯಿತು. ಅಪಾಯಕಾರಿ ಸರಕಿನ ವಾಹನ ನಡೆಸುವವರು ವರ್ಷಕ್ಕೊಮ್ಮೆ ನವೀಕರಿಸಬೇಕಾಗಿದ್ದ ಲೈಸೆನ್ಸಿನ ಅವಧಿಯನ್ನು 2019ರ ತಿದ್ದುಪಡಿ 3 ವರ್ಷಗಳಿಗೆ ವಿಸ್ತರಿಸಿತು. ಸಾರಿಗೆ ವ್ಯವಹಾರಕ್ಕೆ ಇವು ಸೌಕರ್ಯಗಳೇ ಇರಬಹುದು. ಆದರೆ ಶಿರಾಡಿ ಘಾಟಿಯ ತಿರುವುಗಳಲ್ಲಿ ಮಳೆಯ ಇರುಳಿನಲ್ಲಿ ಏಕಾಕಿಯಾಗಿ ಟ್ಯಾಂಕರು ನಡೆಸುವವನಿಗೆ ಇವುಗಳಿಂದ ಬಂದುದು ಅಧಿಕವಾದ ಭಾರವೊಂದೇ.

ಆದಕಾರಣ, ಈ ನಿಯಮಗಳನ್ನು ತಿರಸ್ಕರಿಸಬೇಕಾಗಿಲ್ಲ, ಪೂರ್ಣಗೊಳಿಸಬೇಕಾಗಿದೆ. ಅಪಾಯಕಾರಿ ಸರಕಿನ ವಾಹನಕ್ಕೆ ಎರಡನೆಯ ಚಾಲಕನನ್ನು ಮರಳಿ ಕಡ್ಡಾಯ ಮಾಡಲಿ. ಹೆದ್ದಾರಿಯಲ್ಲಿ ಕಾವಲುಳ್ಳ ತಂಗುದಾಣಗಳನ್ನು ನಿರ್ಮಿಸಲಿ. ಟ್ಯಾಂಕರು ತಲುಪಬೇಕಾದ ವೇಳೆಯನ್ನು ಗೊತ್ತುಮಾಡಿ ಚಾಲಕನನ್ನು ಅವಸರಪಡಿಸುವ ಕಂಪೆನಿಯನ್ನೂ ಅಪಘಾತದ ವಿಚಾರಣೆಯಲ್ಲಿ ಉತ್ತರವಾದಿಯನ್ನಾಗಿ ನಿಲ್ಲಿಸಲಿ. ಮೂವರ ಮೇಲೆ ಹಂಚಿದ ಹೊಣೆ ಕಾರ್ಯತಃ ಅವರಲ್ಲಿ ಅತ್ಯಂತ ದುರ್ಬಲನಾದ ಒಬ್ಬನ ಹೆಗಲಿಗೇ ಇಳಿಯುವುದಾದರೆ, ಕಾಗದದ ಮೇಲಿನ ಆ ವಿಭಜನೆಯನ್ನು ನ್ಯಾಯವೆಂದು ಕರೆಯಲಾಗದು.