ಬ್ಲಾಸ್ಕೆಟ್ ದ್ವೀಪದ ಅಜ್ಜಿ ಮತ್ತು ಅವಳ ಪುಸ್ತಕ

ಐರ್ಲೆಂಡಿನ ಪ್ರವಾಸಿ ಕರಪತ್ರಗಳಲ್ಲಿ 'ಪರಂಪರೆ' ಎಂಬ ಮಾತಿಗೆ ಬರವಿಲ್ಲ. ಪಬ್ಬಿನ ಮೂಲೆಯ ಪಿಟೀಲು, ಉಣ್ಣೆಯ ಸ್ವೆಟರು, ಹಸಿರು ಗುಡ್ಡ, ಎಲ್ಲವೂ ಅದರಲ್ಲೇ ಅಡಕ. ನನಗೆ ಮಾತ್ರ ಆ ದೇಶದಲ್ಲಿ ಪರಂಪರೆಯ ನಿಜವಾದ ತಕರಾರು ಕಂಡದ್ದು ಡನ್‌ಕ್ವಿನ್‌ನಲ್ಲಿ. ಡಿಂಗಲ್ ಪರ್ಯಾಯದ್ವೀಪದ ಪಶ್ಚಿಮದ ತುದಿಯಲ್ಲಿರುವ ಈ ಊರಿನ ಎದುರಿಗೇ ಸಮುದ್ರದಲ್ಲಿ ಗ್ರೇಟ್ ಬ್ಲಾಸ್ಕೆಟ್ ಮಲಗಿದೆ. ಅಲ್ಲಿ ಜನ ತುಂಬಿದ್ದ ಕಾಲದಲ್ಲೂ ಇನ್ನೂರು ಮುಟ್ಟಿರಲಿಲ್ಲ. ಹರೆಯದವರೆಲ್ಲ ಅಮೆರಿಕಕ್ಕೆ ಹೋಗಿ, ಉಳಿದ ಕೆಲವರನ್ನು 1953ರಲ್ಲಿ ಸರ್ಕಾರ ಈಚೆ ದಡಕ್ಕೆ ತಂದಿತು. ಅಷ್ಟು ಪುಟ್ಟ ಊರು ಒಂದೇ ದಶಕದೊಳಗೆ ಐರಿಷ್ ಭಾಷೆಗೆ ಮೂರು ದೊಡ್ಡ ಆತ್ಮಕಥೆಗಳನ್ನು ಕೊಟ್ಟಿತು: 1929ರಲ್ಲಿ ತೊಮಾಸ್ ಓ ಕ್ರೊಹನ್, 1933ರಲ್ಲಿ ಮಾರಿಸ್ ಓ ಸಲಿವನ್, 1936ರಲ್ಲಿ ಪೆಗ್ ಸೇಯರ್ಸ್.

ಡನ್‌ಕ್ವಿನ್‌ನ ಬ್ಲಾಸ್ಕೆಟ್ ಕೇಂದ್ರದಲ್ಲಿ ಉದ್ದನೆಯ ಓಣಿಯಂಥ ಹಜಾರವಿದೆ. ಅದರ ಕೊನೆಗೆ ದೊಡ್ಡ ಕಿಟಕಿ, ಕಿಟಕಿಯಾಚೆ ದ್ವೀಪ. ಚೆನ್ನಾಗಿದೆ. ಆದರೆ ಕಿಟಕಿಯಲ್ಲಿ ಕಾಣುವುದು ಬರಿದಾದ ದ್ವೀಪ, ಬರಿದಾದದ್ದು ಬಲು ಬೇಗ ಪವಿತ್ರವಾಗಿಬಿಡುತ್ತದೆ. ನೋಡಲು ಬಂದವರೆಲ್ಲ ಗುಡಿಯಲ್ಲಿ ನಿಂತಂತೆ ಗಂಭೀರವಾಗಿ ನಿಲ್ಲುತ್ತಾರೆ. ನಾನೂ ಹಾಗೇ ನಿಂತಿದ್ದೆ.

ಪೆಗ್‌ಗೆ ಆದದ್ದೂ ಇದೇ. ಆಕೆ ಡನ್‌ಕ್ವಿನ್ ಸೀಮೆಯಲ್ಲಿ ಹುಟ್ಟಿ ದ್ವೀಪಕ್ಕೆ ಸೊಸೆಯಾಗಿ ಹೋದವಳು. ಶಾಲೆಯಲ್ಲಿ ಕಲಿಸಿದ್ದು ಇಂಗ್ಲಿಷ್. ಬಾಯಿತುಂಬ ಆಡುತ್ತಿದ್ದ ಐರಿಷ್ ಅನ್ನು ಬರೆಯಲು ಬರುತ್ತಿರಲಿಲ್ಲ. ಮಗ ಮಿಹಾಲ್ ಎದುರು ಕೂತು ಹೇಳಿಸಿಕೊಂಡು ಬರೆದ, ಡಬ್ಲಿನ್ನಿನ ವಿದ್ಯಾವಂತ ಮಹಿಳೆಯೊಬ್ಬರು ಸಂಪಾದಿಸಿದರು. ಹೊರಬಂದ ಪುಸ್ತಕದಲ್ಲಿ ಬಡತನ, ಸಾವು, ದೇವರ ಇಚ್ಛೆ, ಮತ್ತೆ ಬಡತನ. ಅದನ್ನು ದಶಕಗಳ ಕಾಲ ಪ್ರೌಢಶಾಲೆಗಳಲ್ಲಿ ಪಠ್ಯವಾಗಿಟ್ಟರು. ಒಂದು ಇಡೀ ತಲೆಮಾರಿಗೆ ಪೆಗ್ ಎಂದರೆ ಶಾಲು ಹೊದ್ದು ಗೋಳಾಡುವ ಮುದುಕಿ, ಐರಿಷ್ ಎಂದರೆ ಅವಳ ಗೋಳು. ಭಾಷೆಯೊಂದನ್ನು ಉಳಿಸಲು ಹೋಗಿ ಮಕ್ಕಳಿಗೆ ಅದರ ಮೇಲೆ ಬೇಸರ ಹುಟ್ಟಿಸುವುದು ಹೇಗೆಂದು ತಿಳಿಯಬೇಕಾದರೆ ಈ ಪಠ್ಯಪುಸ್ತಕದ ಕಥೆಯೊಂದೇ ಸಾಕು.

ಆದರೆ ಇದೇ ಪೆಗ್ ಬಾಯಿಂದ ಜಾನಪದ ಆಯೋಗದ ಸಂಗ್ರಾಹಕರು ನೂರಾರು ಕಥೆಗಳನ್ನು ಬರೆದುಕೊಂಡಿದ್ದಾರೆ. ಅಲ್ಲಿರುವವಳು ಕಸುಬುದಾರಳಾದ ಕಥೆಗಾರ್ತಿ. ವೀರರ ಕಥೆ, ದೆವ್ವದ ಕಥೆ, ತುಂಟ ಕಥೆ, ಯಾವುದಕ್ಕೂ ಹಿಂಜರಿಯುವುದಿಲ್ಲ. 1947ರಲ್ಲಿ ಬಿಬಿಸಿಯವರು ಮುದ್ರಿಸಿಕೊಂಡ ಅವಳ ದನಿಯೂ ಉಳಿದಿದೆ. ಪುಸ್ತಕದ ಪೆಗ್ ಸುಳ್ಳು ಎನ್ನಲಾರೆ, ಮಕ್ಕಳನ್ನು ಕಳೆದುಕೊಂಡ ತಾಯಿಯ ದುಃಖ ಸುಳ್ಳಲ್ಲ. ಆದರೆ ಮಗ ಬರೆದುಕೊಳ್ಳುವಾಗ, ಪೇಟೆಯವರು ಓದುತ್ತಾರೆಂದು ಗೊತ್ತಿರುವಾಗ, ಯಾವ ಅಜ್ಜಿ ತಾನೇ ತನ್ನ ತುಂಟ ಕಥೆಗಳನ್ನು ಬಿಚ್ಚುತ್ತಾಳೆ? ಪೇಟೆಗೆ ಬೇಕಾಗಿದ್ದದ್ದು ಪವಿತ್ರವಾದ ಹಳ್ಳಿ. ಹಳ್ಳಿ ಅದನ್ನೇ ಕೊಟ್ಟಿತು.

ಓ ಕ್ರೊಹನ್ ಈ ಬಲೆಗೆ ಅಷ್ಟಾಗಿ ಸಿಕ್ಕುವುದಿಲ್ಲ. ಮೂವರಲ್ಲಿ ದೊಡ್ಡ ಬರಹಗಾರ ಆತನೇ ಎಂದು ನನ್ನ ಎಣಿಕೆ. ಮೀನುಗಾರ, ವಯಸ್ಸಾದ ಮೇಲೆ ಐರಿಷ್ ಓದುಬರಹ ಕಲಿತವನು. ಕಿಲಾರ್ನಿಯಿಂದ ಬಂದ ಗೆಳೆಯರೊಬ್ಬರು ಗೋರ್ಕಿಯನ್ನು ಓದಿ ಹೇಳಿ, ನಿನ್ನ ಬದುಕನ್ನೂ ಬರೆ ಎಂದು ಹುರಿದುಂಬಿಸಿದರಂತೆ. ಮಗ ಕಡಿಬಂಡೆಯಿಂದ ಬಿದ್ದು ಸತ್ತದ್ದನ್ನು ಆತ ಕೆಲವೇ ಸಾಲುಗಳಲ್ಲಿ ಹೇಳಿ ಮತ್ತೆ ಕೆಲಸಕ್ಕೆ ಹೊರಡುತ್ತಾನೆ. ದೋಣಿ, ಸೀಲ್ ಬೇಟೆ, ಕುಡಿತ, ಜಗಳ, ಎಲ್ಲಕ್ಕೂ ಅದೇ ಒಣ ದನಿ. ಇಲ್ಲೂ ಮೊದಲ ಸಂಪಾದಕರು ಕತ್ತರಿ ಆಡಿಸಿದ್ದರು. ಬಿಟ್ಟುಹೋದ ಭಾಗಗಳೆಲ್ಲ ಸೇರಿದ ಇಂಗ್ಲಿಷ್ ಅನುವಾದ ಬರಲು 2012ರವರೆಗೆ ಕಾಯಬೇಕಾಯಿತು.

ಕನ್ನಡದವರಿಗೆ ಇದು ತೀರಾ ದೂರದ ಕಥೆಯಲ್ಲ. 1924ರಲ್ಲಿ ಮೈಸೂರಿನಲ್ಲಿ ಕುವೆಂಪು ತಮ್ಮ ಇಂಗ್ಲಿಷ್ ಕವಿತೆಗಳನ್ನು ತೋರಿಸಿದಾಗ, ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂದ ಜೇಮ್ಸ್ ಕಸಿನ್ಸ್ ಬೆಲ್‌ಫಾಸ್ಟಿನವರು, ಐರಿಷ್ ಸಾಹಿತ್ಯದ ಪುನರುಜ್ಜೀವನದ ಬಳಗದಲ್ಲಿದ್ದವರು. ಈ ಪ್ರಸಂಗವನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಹೇಳದೆ ಬಿಡುವುದು, ಕಸಿನ್ಸ್ ಕವಿತೆ ಬರೆದದ್ದು ಇಂಗ್ಲಿಷಿನಲ್ಲೇ ಎಂಬುದನ್ನು. ಯೇಟ್ಸ್ ಕೂಡ ಅಷ್ಟೆ. ಸಿಂಗ್ ಐರಿಷ್ ಬಲ್ಲವರು, 1905ರಲ್ಲಿ ಬ್ಲಾಸ್ಕೆಟ್‌ಗೂ ಹೋಗಿ ಬಂದವರು. ನಾಟಕ ಬರೆದದ್ದು ಇಂಗ್ಲಿಷಿನಲ್ಲಿ. ಆ ಬುದ್ಧಿವಾದವನ್ನು ಅಕ್ಷರಶಃ ಬದುಕಿದವರು ಮೀನು ಹಿಡಿಯುವ, ಆಲೂಗಡ್ಡೆ ಬೆಳೆಯುವ ಈ ದ್ವೀಪದವರು. ಅವರಿಗೆ ಬೇರೆ ಭಾಷೆಯ ಆಯ್ಕೆಯೇ ಇರಲಿಲ್ಲ ಎನ್ನಬಹುದು. ಇರಲಿ. ಪುಸ್ತಕಗಳಂತೂ ಇವೆ.

ಅಲ್ಲಿಗೆ ಹೋಗುವ ಮನಸ್ಸಿದ್ದವರು ಓ ಕ್ರೊಹನ್‌ನಿಂದ ಶುರುಮಾಡಿ. ಆಮೇಲೆ ಫ್ಲ್ಯಾನ್ ಓ'ಬ್ರಯನ್ 1941ರಲ್ಲಿ ಐರಿಷ್‌ನಲ್ಲೇ ಬರೆದ 'ಅನ್ ಬೇಲ್ ಬೊಖ್ತ್' ಓದಿ. ಬಡತನವನ್ನು ಬಾಯಿಬಿಟ್ಟು ಹೇಳಿಕೊಳ್ಳುವುದಕ್ಕೆ ಅಲ್ಲಿನ ನುಡಿಗಟ್ಟು ಅದು. ಇಂಥ ಆತ್ಮಕಥೆಗಳನ್ನೂ, ಹಳ್ಳಿಗರ ದೈನ್ಯವನ್ನು ಹುಡುಕಿಕೊಂಡು ಬರುವ ಪೇಟೆಯ ಭಾಷಾಪ್ರೇಮಿಗಳನ್ನೂ ಅದು ಹೊಟ್ಟೆ ಹುಣ್ಣಾಗುವಂತೆ ಗೇಲಿ ಮಾಡುತ್ತದೆ. ಪೆಗ್‌ಳ ಆತ್ಮಕಥೆಯನ್ನು ಕೊನೆಗಿಟ್ಟುಕೊಳ್ಳಿ. ಅದಕ್ಕೂ ಮೊದಲು ಅವಳು ಹೇಳಿದ ಕಥೆಗಳಲ್ಲಿ ಒಂದೆರಡನ್ನಾದರೂ ಓದಿರಿ.