ಮಂಡಲವು ಒಕ್ಕೂಟವಹುದೆ?

ಕೌಟಿಲೀಯ ಅರ್ಥಶಾಸ್ತ್ರದ ಓಲೆಯ ಪ್ರತಿಯು 1905ರಲ್ಲಿ ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ದೊರೆತು, 1909ರಲ್ಲಿ ಅಚ್ಚಾಯಿತು. ಅಂದಿನಿಂದ ಈ ಕಾಲದ ರಾಜ್ಯಪದ್ಧತಿಗಳನ್ನೆಲ್ಲ ಆ ಗ್ರಂಥದಲ್ಲಿ ಕಾಣುವ ಹುರುಪು ನಮ್ಮವರಲ್ಲಿ ಬೆಳೆದಿದೆ. ಆರನೆಯ ಅಧಿಕರಣದ ದ್ವಾದಶರಾಜಮಂಡಲವೇ ಇಂದಿನ ಒಕ್ಕೂಟದ ಮೂಲವೆಂಬ ಮತವು ಅಂತಹುದೊಂದು. ಈ ಲೇಖಕನೂ ಬಹುಕಾಲ ಹಾಗೆಯೇ ಪಾಠ ಹೇಳಿದವನು. ಮೂಲವನ್ನು ಮರಳಿ ಪರಿಶೀಲಿಸಲಾಗಿ ಆ ಮತವು ನಿಲ್ಲತಕ್ಕುದಲ್ಲವೆಂದು ತೋರಿತು.

ಮಂಡಲದ ನಾಭಿಯಲ್ಲಿರುವವನು ವಿಜಿಗೀಷು. ಉಳಿದವರು ಅವನಿಗೆ ಅರಿಯೋ ಮಿತ್ರನೋ ಮಧ್ಯಮನೋ ಉದಾಸೀನನೋ ಆಗಿ ಎಣಿಸಲ್ಪಡುವರು. ಅಲ್ಲಿ ಸಂಧಿಯು ಷಾಡ್ಗುಣ್ಯದಲ್ಲೊಂದು. ಬಲವು ಹೆಚ್ಚಿದೊಡನೆ ಬಿಡಬಹುದಾದುದು. ಒಕ್ಕೂಟದ ಜೀವವಾದರೋ ಬಲಿಷ್ಠನೂ ಮೀರಲಾಗದ ಕಟ್ಟಳೆ.

ನಮ್ಮ ಮಲೆನಾಡಿನಲ್ಲಿಯೇ ಇದಕ್ಕೆ ನಿದರ್ಶನವುಂಟು. ಘಟ್ಟದ ಮೇಲೆ ಕಲಸ, ಕೆಳಗೆ ಕಾರ್ಕಳ, ಇವೆರಡರಿಂದಲೂ ಆಳಿದ ಭೈರರಸರು ವಿಜಯನಗರದ ಸಾಮಂತರು. 1432ರಲ್ಲಿ ಕಾರ್ಕಳದ ಗೊಮ್ಮಟನನ್ನು ನಿಲ್ಲಿಸಿದ ವೀರಪಾಂಡ್ಯನು ಈ ವಂಶದವನೇ. ಜೈನರಾಗಿದ್ದೂ ಇವರು ಕಲಸನಾಥನ ದೇಗುಲಕ್ಕೆ ದತ್ತಿ ಬಿಟ್ಟರು. ಇಂತಹ ಸ್ವಾತಂತ್ರ್ಯವನ್ನು ನೋಡಿ ಆ ಸಾಮ್ರಾಜ್ಯವನ್ನು ಒಕ್ಕೂಟವೆಂದು ಕರೆಯುವುದುಂಟು. ಆದರೆ ಅದು ಒಡೆಯನ ಅನುಗ್ರಹದಿಂದಲೋ ಅಶಕ್ತಿಯಿಂದಲೋ ಉಳಿದುದಲ್ಲದೆ ಹಕ್ಕಿನಿಂದ ಬಂದುದಲ್ಲ. ಸಾಮಂತನ ಮೊರೆಯನ್ನು ಕೇಳಿ ಚಕ್ರವರ್ತಿಗೆ ವಿರುದ್ಧವಾಗಿ ತೀರ್ಪು ಹೇಳುವ ಸಭೆಯು ಅಂದು ಇರಲಿಲ್ಲ.

ಅದೇ ಗುಡ್ಡಗಳನ್ನು ಇಂದು ನೋಡೋಣ. ಚಿಕ್ಕಮಗಳೂರು, ಮೂಡಿಗೆರೆ, ಕಲಸಗಳ ಕಾಫಿ ಬೆಳೆಗಾರನ ನೆಲವೂ ಕೃಷಿ ವರಮಾನದ ತೆರಿಗೆಯೂ ರಾಜ್ಯದ ಅಧಿಕಾರಕ್ಕೆ ಸೇರಿದುವು. ಕಾಫಿ ಉದ್ಯಮದ ಮೇಲಿನ ಹತೋಟಿಯು 1942ರ ಕಾಯಿದೆಯಂತೆ ಕೇಂದ್ರದ್ದು. ಎಲ್ಲೆಯ ವಿಷಯದಲ್ಲಿ ವಿವಾದವೆದ್ದರೆ ತೀರ್ಮಾನಿಸಲು ಸುಪ್ರೀಂ ಕೋರ್ಟುಂಟು. ಬೆಳೆಯನ್ನೆಲ್ಲ ಮಂಡಳಿಯ ಪೂಲಿಗೆ ಒಪ್ಪಿಸಬೇಕೆಂಬ ಕಟ್ಟು ಬಹುಕಾಲವಿದ್ದು, 1996ರ ವೇಳೆಗೆ ಪೂರ್ತಿಯಾಗಿ ಸಡಿಲಿತು. ಅದು ಸಡಿಲಿದುದು ಕಾನೂನಿನ ಮಾರ್ಗದಿಂದ, ದಂಡಯಾತ್ರೆಯಿಂದಲ್ಲ.

ರಾಷ್ಟ್ರ ರಾಷ್ಟ್ರಗಳ ನಡುವೆ ನಡೆದುದೇ ಬೇರೆ. ಬೆಳೆಯುವ ಮತ್ತು ಕೊಳ್ಳುವ ದೇಶಗಳು 1962ರಲ್ಲಿ ಕಾಫಿ ಒಪ್ಪಂದವನ್ನು ಮಾಡಿಕೊಂಡು ರಫ್ತಿನ ಪಾಲುಗಳನ್ನು ಗೊತ್ತುಮಾಡಿದುವು. 1989ರಲ್ಲಿ ಸಮ್ಮತಿಯು ಒಡೆದೊಡನೆ ಆ ಪಾಲುಗಳೂ ಬಿದ್ದುಹೋದುವು. ಅಲ್ಲಿರುವುದು ಇಂದಿಗೂ ಮಂಡಲವೇ.

ಹಾಗಾದರೆ ಕೌಟಿಲ್ಯನಲ್ಲಿ ಒಕ್ಕೂಟದ ಛಾಯೆಯೇ ಇಲ್ಲವೆ? ಉಂಟು, ಹನ್ನೊಂದನೆಯ ಅಧಿಕರಣವಾದ ಸಂಘವೃತ್ತದಲ್ಲಿ. ಒಗ್ಗಟ್ಟಿನ ಸಂಘಗಳು ಹಗೆಗೆ ಮಣಿಯವೆಂದು ಒಪ್ಪಿ, ಅವುಗಳಲ್ಲಿ ಭೇದವನ್ನು ಬಿತ್ತುವ ಬಗೆಯನ್ನೂ ಅವನು ಅಲ್ಲಿಯೇ ಉಪದೇಶಿಸಿರುವನು. ಸಂಘವನ್ನು ಮುರಿಯಲೆಳಸುವವನು ಬರೆದುದರಿಂದಲೇ ಅದರ ಬಲವೂ ದೌರ್ಬಲ್ಯವೂ ಅಲ್ಲಿ ನಿಚ್ಚಳವಾಗಿವೆ.

ನಮ್ಮ ಒಕ್ಕೂಟವೂ ನಿರ್ದುಷ್ಟವಲ್ಲ. ಸಂವಿಧಾನದ ಮೂರನೆಯ ಅನುಚ್ಛೇದದಂತೆ ರಾಜ್ಯದ ಗಡಿಯನ್ನು ಅದರ ಅಭಿಪ್ರಾಯ ಕೇಳಿ ಬದಲಿಸಬಹುದು, ಸಮ್ಮತಿಯು ಬೇಕಿಲ್ಲ. ಈ ಕೊರತೆಯನ್ನು ವಿದ್ಯಾರ್ಥಿಯು ಕಾಣಬೇಕಾದರೆ, ಅನುಗ್ರಹವನ್ನು ಹಕ್ಕೆಂದು ತಿಳಿಯುವ ಭ್ರಮೆಯು ಮೊದಲು ಕಳೆಯಬೇಕು. ಆದುದರಿಂದ ಉಪಾಧ್ಯಾಯರು ಮಂಡಲವನ್ನೂ ಸಂಘವನ್ನೂ ಬೇರೆ ಬೇರೆಯಾಗಿಯೇ ಬೋಧಿಸಬೇಕೆಂಬುದು ನಮ್ಮ ವಿಜ್ಞಾಪನೆ.