ಗಣಿ ಊರಿನ ಆಬಾದಿ

ಉರ್ದುವಿನಲ್ಲಿ ಜನಸಂಖ್ಯೆಗೆ ‘ಆಬಾದಿ’ ಎನ್ನುತ್ತಾರೆ. ಆಬಾದ್ ಎಂದರೆ ನೆಲೆಗೊಂಡದ್ದು, ಬಾಳಿ ಬೆಳಗುವಂಥದ್ದು. ನಮ್ಮ ಗಣಿ ಊರುಗಳ ಚರಿತ್ರೆ ಬರೆದವರಲ್ಲಿ ಬಹುಪಾಲು ಮಂದಿ ತಲೆ ಎಣಿಸಿ ಸುಮ್ಮನಾಗಿದ್ದಾರೆ. ಈ ಎರಡನೆಯ ಅರ್ಥದ ಗೊಡವೆಗೆ ಹೋಗಿಲ್ಲ.

ನಮ್ಮ ರಾಯಚೂರು ಜಿಲ್ಲೆಯ ಹಟ್ಟಿಯನ್ನೇ ನೋಡಿ. ಎರಡು ಸಾವಿರ ವರ್ಷದಷ್ಟು ಹಳೆಯ ಅಗೆತದ ಕುರುಹುಗಳು, ನಿಜಾಮರ ಕಾಲದಲ್ಲಿ ಇಂಗ್ಲಿಷರ ಗಣಿಗಾರಿಕೆ, 1920ರ ಹೊತ್ತಿಗೆ ಅದಕ್ಕೆ ಬೀಗ, 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಕಂಪನಿ, 1956ರಲ್ಲಿ ಅದಕ್ಕೆ ಹಟ್ಟಿಯ ಹೆಸರು. ಎಲ್ಲ ಸರಿ. ಆದರೆ ಬೀಗ ಬಿದ್ದಾಗ ಕೂಲಿಕಾರರು ಎಲ್ಲಿಗೆ ಹೋದರು? ಮತ್ತೆ ತೆರೆದಾಗ ಬಂದವರು ಅವರ ಮಕ್ಕಳೋ, ಬೇರೆಯವರೋ? ಇದನ್ನು ಕೇಳದ ಬರಹ ಕಂಪನಿಯ ಚರಿತ್ರೆಯಾದೀತು, ಊರಿನದಾಗದು.

ಅದೇ ನಿಜಾಮ ಸಂಸ್ಥಾನದಲ್ಲಿದ್ದು, ಇಂದು ತೆಲಂಗಾಣಕ್ಕೆ ಸೇರಿರುವ ಯೆಲ್ಲಂದು ಕಲ್ಲಿದ್ದಲಿನ ಊರು. 1871ರಲ್ಲಿ ಅದರ ಹತ್ತಿರ ವಿಲಿಯಂ ಕಿಂಗ್ ಕಲ್ಲಿದ್ದಲನ್ನು ಗುರುತಿಸಿದ. 1886ರಲ್ಲಿ ಹೈದರಾಬಾದ್ ಡೆಕ್ಕನ್ ಕಂಪನಿ ಗಣಿಯ ಹಕ್ಕು ಪಡೆಯಿತು. ಮುಂದೆ ಅಲ್ಲಿಂದಲೇ ಸಿಂಗರೇಣಿ ಕಂಪನಿ ಬೆಳೆಯಿತು. ಸಿಂಗರೇಣಿಯ ಕಲ್ಲಿದ್ದಲು ರೈಲಿನಲ್ಲಿ ನಮ್ಮ ಶಕ್ತಿನಗರಕ್ಕೆ ಬಂದು ವಿದ್ಯುತ್ತಾಗುತ್ತದೆ. ಟನ್ನುಗಳ ಲೆಕ್ಕ ನಮಗೆ ಸಿಗುತ್ತದೆ, ಅಗೆದವರ ಊರಿನ ಸುದ್ದಿ ಸಿಗುವುದಿಲ್ಲ.

ಪುಸ್ತಕಗಳದು ಈ ಬಗೆಯಾದರೆ ಸಿನಿಮಾದ್ದು ಇನ್ನೊಂದು ಬಗೆ. 2018 ಮತ್ತು 2022ರಲ್ಲಿ ಬಂದ ‘ಕೆ.ಜಿ.ಎಫ್.’ ಚಿತ್ರಗಳು ಗಣಿಯ ಜನರನ್ನು ಗುಲಾಮರ ಗುಂಪಾಗಿಸಿ, ಬಿಡಿಸಲು ಹೊರಗಿನಿಂದ ಒಬ್ಬ ನಾಯಕನನ್ನು ಕಳಿಸಿದವು. ಕಲ್ಪನೆಗೆ ಆ ಸ್ವಾತಂತ್ರ್ಯವಿದೆ, ಒಪ್ಪೋಣ. ಆದರೆ ನಿಜವಾದ ಕೋಲಾರ ಗಣಿಯ ಕಾರ್ಮಿಕರು, ಬಹುಪಾಲು ತಮಿಳು ಮಾತಾಡುವ ದಲಿತರು, ಬೆರಳಚ್ಚು ಪಡೆದು ನೋಂದಾಯಿಸುವ ಕ್ರಮದ ವಿರುದ್ಧ 1930ರಲ್ಲಿ ತಾವೇ ಮುಷ್ಕರ ಹೂಡಿದ್ದರು. ತಮ್ಮನ್ನು ಹೇಗೆ ಎಣಿಸಬೇಕು ಎಂಬುದರಲ್ಲಿ ತಮಗೂ ಒಂದು ಮಾತಿದೆ ಎಂದು ತೋರಿಸಿದ್ದರು. 2001ರಲ್ಲಿ ಗಣಿ ಮುಚ್ಚಿತು. ಜನ ಉಳಿದರು. ದುಡಿಮೆಗೆ ದಿನವೂ ಬೆಂಗಳೂರಿನ ರೈಲು ಹತ್ತುವವರು ಹೆಚ್ಚಿದರು. ಜನಗಣತಿಯಲ್ಲಿ ಅವರು ಅಲ್ಲಿನವರೇ. ಆದರೆ ಹಗಲೆಲ್ಲ ಪರಊರಿನಲ್ಲಿ ದುಡಿಯುವವರ ಊರನ್ನು ಆಬಾದ್ ಎನ್ನಲಾದೀತೆ?

ಮಲ್ಲಟದಂಥ ಒಕ್ಕಲುತನದ ಊರಿನಲ್ಲಿ ಮಳೆ ಕೈಕೊಟ್ಟರೂ ಹೊಲ ಅಲ್ಲೇ ಇರುತ್ತದೆ. ಗುಳೆ ಹೋದವರಿಗೆ ಮರಳಲು ಒಂದು ನೆಲವಿದೆ. ಗಣಿ ಬರಿದಾದರೆ ಗಣಿ ಊರಿಗೆ ಆ ಆಸರೆಯೂ ಇಲ್ಲ. ಹಟ್ಟಿಯ ಗಣಿ ಇನ್ನೂ ನಡೆಯುತ್ತಿದೆ. ಪಾಳಿ ಮುಗಿಸಿ ಮೇಲೆ ಬರುವವರಿದ್ದಾರೆ, ನಿವೃತ್ತರಾದ ಹಿರಿಯರಿದ್ದಾರೆ. ಯಾವ ಊರಿಂದ ಬಂದಿರಿ, ಮಕ್ಕಳು ಎಲ್ಲಿದ್ದಾರೆ ಎಂದು ಅವರನ್ನು ಕೇಳಿ ಬರೆದಿಡಲು ಇದೇ ಹೊತ್ತು. ತಡಮಾಡಿದರೆ ನಮಗೆ ದಕ್ಕುವುದು ಚಿನ್ನದ ತೂಕ ಮಾತ್ರ.